ಮೂರನೇ ಡ್ರಾಯರಿನ ಲಕೋಟೆ

ಕುವೈತಿನಲ್ಲಿ ಅಂಚೆಯವನು ಮನೆ ಬಾಗಿಲಿಗೆ ಬಂದದ್ದನ್ನು ನಾನು ಕಂಡಿಲ್ಲ. ಕಾಗದವೇನಿದ್ದರೂ ಪೋಸ್ಟಾಫೀಸಿನಲ್ಲಿ ಬಾಡಿಗೆಗೆ ಪಡೆದ, ಬೀಗವಿರುವ ಪೋಸ್ಟ್ ಬಾಕ್ಸಿಗೆ. ಸ್ವಂತ ಬಾಕ್ಸ್ ಇಲ್ಲದ ಸಂಸಾರಗಳು ಅಪ್ಪನ ಕಂಪನಿಯದೋ ಮಕ್ಕಳ ಶಾಲೆಯದೋ ನಂಬರು ಕೊಟ್ಟು ಸುಧಾರಿಸುತ್ತಿದ್ದವು. ನಾನು ಸಾಲ್ಮಿಯಾದ ಒಂದು ಖಾಸಗಿ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಕೌನ್ಸೆಲರ್ ಆಗಿದ್ದೆ. ಹನ್ನೆರಡನೆಯ ತರಗತಿಯ ಮಕ್ಕಳಿಗೆ ಕಾಲೇಜು ಹುಡುಕಿಕೊಡುವುದು, ಅರ್ಜಿ ತುಂಬಿಸುವುದು, ಶಿಫಾರಸು ಪತ್ರ ಬರೆದು ಕಳಿಸುವುದು ನನ್ನ ಕೆಲಸ. ಕಾಲೇಜುಗಳ ಉತ್ತರವೆಲ್ಲ ಶಾಲೆಯ ಬಾಕ್ಸಿಗೇ ಬರುತ್ತಿತ್ತು. ಆ ಬಾಕ್ಸಿನ ಕೀಲಿ ನನ್ನ ಕೈಚೀಲದಲ್ಲಿರುತ್ತಿತ್ತು.

ಈ ಕೆಲಸಕ್ಕೆ ಬರುವವರಿಗೆ ನಾಲ್ಕು ಮಾತು ಬರೆದುಕೊಡಿ ಎಂದು ಶಾಲೆಯವರು ಕೇಳಿದ್ದಾರೆ. ಕೀಲಿಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ತಪ್ಪೆಲ್ಲ ಅದರಲ್ಲೇ ಇದೆ. ಕಳೆದ ಜೂನಿನಲ್ಲಿ ನಾನು ನಿವೃತ್ತಳಾದೆ. ಗಂಡ ಇನ್ನೂ ಶುವೈಖ್‌ನ ಬಿಡಿಭಾಗಗಳ ಕಂಪನಿಯಲ್ಲಿರುವುದರಿಂದ ಅವರ ವೀಸಾದ ಮೇಲೆ ಇಲ್ಲೇ ಉಳಿದಿದ್ದೇನೆ. ನನ್ನ ಕುರ್ಚಿಗೆ ಬಂದಿರುವವಳು ನನ್ನದೇ ಹಳೆಯ ವಿದ್ಯಾರ್ಥಿನಿ ಸೆಲಿನ್ ಸಿದ್ದಿ. ಅವಳು ಹನ್ನೆರಡನೆಯ ತರಗತಿಯಲ್ಲಿದ್ದಾಗ ಅವಳ ಒಂದು ಕಾಗದವನ್ನು ನಾನು ಕಳಿಸಲಿಲ್ಲ. ಕಳಿಸಲಿಲ್ಲ ಎಂದು ಹೇಳಲೂ ಇಲ್ಲ.

ಅದಕ್ಕೆ ಬರುವ ಮೊದಲು ನಗುವಂಥ ಒಂದೆರಡು ತಪ್ಪುಗಳನ್ನು ಒಪ್ಪಿಕೊಳ್ಳುತ್ತೇನೆ. ಮೊದಲ ವರ್ಷ ನನಗೆ ಪತ್ರ ಬರೆಯುವುದೆಂದರೆ ಹಳೆಯ ಪತ್ರದ ಹೆಸರು ಬದಲಾಯಿಸುವುದು. ಹಾಗೆ ಮಾಡುವಾಗ ಒಂದು ಪ್ಯಾರಾ ಹಾಗೇ ಉಳಿದು, ಕೆಮಿಸ್ಟ್ರಿ ಬಿಟ್ಟರೆ ಬೇರೆ ಲೋಕವೇ ಇಲ್ಲದ ಹುಡುಗನೊಬ್ಬ ಭರತನಾಟ್ಯದಲ್ಲಿ ಎತ್ತಿದ ಕೈ ಎಂದು ಕೆನಡಾದ ಕಾಲೇಜೊಂದಕ್ಕೆ ಪತ್ರ ಹೋಯಿತು. ಅವರಿಗೆ ಭಾರೀ ಖುಷಿ. ನಿಮ್ಮ ನೃತ್ಯ ನೋಡಲು ಕಾಯುತ್ತಿದ್ದೇವೆ ಎಂದು ಸೀಟು ಕೊಟ್ಟು ಬರೆದರು. ಅವನು ಈಗಲೂ ಕ್ರಿಸ್‌ಮಸ್‌ಗೆ ಶುಭಾಶಯ ಕಳಿಸುವಾಗ ಗೆಜ್ಜೆಯ ಚಿತ್ರ ಹಾಕಿ ನನ್ನ ಮಾನ ಕಳೆಯುತ್ತಾನೆ.

ಇನ್ನೊಮ್ಮೆ ಮೈಸೂರು ಕಡೆಯ ಎಂಜಿನಿಯರ್ ಒಬ್ಬರು ಮಗನ ಪ್ರಬಂಧ ತಂದರು. ತೊಂಬತ್ತರಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ದಿನ ಅಪ್ಪನ ಬೆರಳು ಹಿಡಿದು ಮರುಭೂಮಿ ದಾಟಿದ ಕಥೆ. ಓದಿದರೆ ಕಣ್ಣಲ್ಲಿ ನೀರು ಬರಬೇಕು.

"ಇದು ನಿಮ್ಮ ಮಗ ಬರೆದದ್ದಾ ಸಾರ್?"

"ಐಡಿಯಾ ಎಲ್ಲ ಅವನದೇ ಮೇಡಂ. ನಾನು ಸ್ವಲ್ಪ ಗ್ರಾಮರ್ ನೋಡಿದೆ ಅಷ್ಟೇ."

"ಆಗ ಅವನು ಹುಟ್ಟಿಯೇ ಇರಲಿಲ್ಲವಲ್ಲ."

ಅವರು ಕಿವಿ ಕೆರೆದುಕೊಂಡರು. "ಅಯ್ಯೋ ಹೌದಲ್ವಾ! ಹಾಗಾದ್ರೆ ಅಪ್ಪ ಹೇಳಿದ್ದು ಕೇಳಿ ಬೆಳೆದೆ ಅಂತ ಒಂದು ಲೈನ್ ಹಾಕಿಬಿಡೋಣ್ವಾ ಮೇಡಂ?"

ಹಾಕಿದೆವು. ಹುಡುಗನಿಗೆ ಸೀಟೂ ಸಿಕ್ಕಿತು.

ನಮ್ಮ ಪ್ರಿನ್ಸಿಪಾಲರಿಗೆ ಒಂದೇ ಪ್ರಶ್ನೆ ಇರುತ್ತಿತ್ತು. ರಿಸೆಪ್ಶನ್ನಿನ ಗೋಡೆಯ ಮೇಲೆ ಒಂದು ದೊಡ್ಡ ಬೋರ್ಡ್. ನಮ್ಮ ಮಕ್ಕಳು ಸೇರಿದ ಹೆಸರಾಂತ ಕಾಲೇಜುಗಳ ಹೆಸರುಗಳು ಅದರ ಮೇಲೆ ಬಂಗಾರದ ಅಕ್ಷರದಲ್ಲಿ ಏರುತ್ತಿದ್ದವು. ನಾನು ಯಾವ ಮಗುವಿನ ಸುದ್ದಿ ಹೇಳಲು ಹೋದರೂ ಅವರು ಕನ್ನಡಕ ತೆಗೆದು ಕೇಳುತ್ತಿದ್ದರು, "ಬೋರ್ಡಿಗೆ ಬರುವ ಹೆಸರೇನಮ್ಮಾ?" ಮೊದಮೊದಲು ಆ ಪ್ರಶ್ನೆಗೆ ಸಿಟ್ಟು ಬರುತ್ತಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವರು ಕೇಳುವ ಮೊದಲೇ ನಾನೇ ಕೇಳಿಕೊಳ್ಳತೊಡಗಿದ್ದೆ. ಸೆಲಿನ್‌ಳ ವಿಷಯವನ್ನು ಅವರ ತಲೆಗೆ ಕಟ್ಟಿ ನಾನು ಪಾರಾಗಬಹುದು. ಆದರೆ ಅದು ಅವರಿಗೆ ಗೊತ್ತೇ ಇರಲಿಲ್ಲ.

ಸೆಲಿನ್‌ಳ ತಾಯಿ ಫಿಲೋಮಿನಾ ನಮ್ಮ ಶಾಲಾ ಬಸ್ಸಿನ ಆಯಾ. ತಂದೆಯ ಹೆಸರು ಬಸ್ತ್ಯಾಂವ್, ರಿಫೈನರಿಯೊಂದರ ಕಂಟ್ರಾಕ್ಟಿನಲ್ಲಿ ಕ್ರೇನ್ ಓಡಿಸುತ್ತಿದ್ದರು. ಮನೆ ಇಲ್ಲೇ ಕುವೈತಿನ ಮಂಗಫಿನಲ್ಲಿ. ಹಳಿಯಾಳದ ಕಡೆಯ ಸಿದ್ದಿಗಳು. ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ನಮ್ಮ ಕರಾವಳಿಗೆ ಬಂದವರ ಮಕ್ಕಳು. ನಾನು ಉಡುಪಿ ಕಡೆಯವಳು. ಇಬ್ಬರೂ ಕ್ರಿಸ್ತುವರು, ಇಬ್ಬರ ಮನೆಯಲ್ಲೂ ಕೊಂಕಣಿ. ಆದರೆ ಅವರ ಕೊಂಕಣಿ ನನಗೆ ಅರ್ಧ, ನನ್ನದು ಅವರಿಗೆ ಅರ್ಧ. ಮಾತು ಕೊನೆಗೆ ಕನ್ನಡಕ್ಕೇ ಬರುತ್ತಿತ್ತು. ಇಲ್ಲಿ ವಾರದ ರಜೆ ಶುಕ್ರವಾರ; ಅಂದಿನ ಇಗರ್ಜಿಯ ಪೂಜೆಯಲ್ಲಿ ನಾವು ಒಂದೇ ಬೆಂಚಿನಲ್ಲಿ ಕೂತದ್ದೂ ಇದೆ. ನಮ್ಮಲ್ಲಿ ಬಣ್ಣದ ಭೇದವಿಲ್ಲ ಎಂದು ನಾವು ಕರಾವಳಿಯವರು ಬಹಳ ಹೇಳಿಕೊಳ್ಳುತ್ತೇವೆ. ಮಗನಿಗೆ ಹೆಣ್ಣು ನೋಡಲು ಹೊರಟಾಗ ನಿಜ ಹೊರಗೆ ಬರುತ್ತದೆ.

ಸೆಲಿನ್‌ಳನ್ನು ಇಲ್ಲಿ ಎಲ್ಲರೂ ಸುಡಾನಿನವಳೆಂದೇ ತಿಳಿಯುತ್ತಿದ್ದರು. ಅಂಗಡಿಯವರು ಅರಬ್ಬಿಯಲ್ಲಿ ಮಾತನಾಡಿಸುತ್ತಿದ್ದರು. ಭಾರತೀಯ ಮಕ್ಕಳ ಅಮ್ಮಂದಿರು "ಎಷ್ಟು ಚೆನ್ನಾಗಿ ಹಿಂದಿ ಕಲಿತಿದ್ದಾಳೆ" ಎಂದು ಹೊಗಳುತ್ತಿದ್ದರು. ಅವಳು ನಗುತ್ತಿದ್ದಳು. ತರಗತಿಗೆ ಎರಡನೆಯವಳು. ಇಂಗ್ಲಿಷಿನಲ್ಲಿ ಅವಳ ಸಮಾನರಿರಲಿಲ್ಲ.

ಪ್ರತಿ ಅಕ್ಟೋಬರಿನಲ್ಲಿ ನಮ್ಮ ಸಭಾಂಗಣದಲ್ಲಿ ಕಾಲೇಜು ಮೇಳ. ಒಂದೊಂದು ಕಾಲೇಜಿಗೆ ಒಂದೊಂದು ಮೇಜು, ಹಿಂದೆ ಬ್ಯಾನರು. ಮೇಜುಗಳನ್ನು ಎಲ್ಲಿಡಬೇಕೆಂದು ತೀರ್ಮಾನಿಸುವವಳು ನಾನು. ದೊಡ್ಡ ಹೆಸರುಗಳು ಬಾಗಿಲ ಹತ್ತಿರ, ಉಳಿದವು ಹಿಂದೆ. ಆ ವರ್ಷ ಮಿಸೆಸ್ ವಾಕರ್ ಎಂಬ ವಯಸ್ಸಾದ ಹೆಂಗಸೊಬ್ಬರು ಫೋನು ಮಾಡಿದರು. ಅಮೆರಿಕದ ದಕ್ಷಿಣದ ಒಂದು ಸಣ್ಣ ಕಾಲೇಜಿನಲ್ಲಿ ಓದಿ ಅಲ್ಲೇ ಕೆಲಸ ಮಾಡಿ ನಿವೃತ್ತರಾದವರು. ಮಗ ಇಲ್ಲಿ ಕೆಲಸದಲ್ಲಿದ್ದ, ನೋಡಲು ಬಂದಿದ್ದರು. ಕಾಲೇಜು ಅವರನ್ನು ಕಳಿಸಿರಲಿಲ್ಲ. ಬಂದ ಮೇಲೆ ಕೈಲಾದದ್ದು ಮಾಡೋಣ ಎಂದು ತಾವೇ ಹೊರಟವರು. ಕಪ್ಪು ಜನರನ್ನು ಬಿಳಿಯರ ಕಾಲೇಜಿಗೆ ಸೇರಿಸಿಕೊಳ್ಳದ ಕಾಲದಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದವರೂ ಇಗರ್ಜಿಗಳವರೂ ಸೇರಿ ಕಟ್ಟಿದ ಕಾಲೇಜುಗಳಲ್ಲಿ ಅದೂ ಒಂದು. ಅಂಥ ಕಾಲೇಜುಗಳಿವೆ ಎಂದು ನಾನು ಕೇಳಿದ್ದೇ ಅವರ ಬಾಯಿಂದ.

"ನಮ್ಮದು ಸಣ್ಣ ಕಾಲೇಜು. ಒಂದು ವರ್ಷ ಮಕ್ಕಳು ಕಡಿಮೆಯಾದರೂ ಯಾವುದಾದರೊಂದು ವಿಭಾಗಕ್ಕೆ ಬೀಗ ಬೀಳುತ್ತದೆ. ಅದಕ್ಕೆ ಹೋದಲ್ಲೆಲ್ಲ ಒಂದು ಮೇಜು ಕೇಳುತ್ತೇನೆ" ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದರು.

ನಾನು ಕೊಟ್ಟ ಮೇಜು ಕಂಬದ ಹಿಂದೆ, ಟಾಯ್ಲೆಟ್ಟಿಗೆ ಹೋಗುವ ದಾರಿಯಲ್ಲಿತ್ತು. ಅವರು ಮುಖ ಸಣ್ಣದು ಮಾಡಲಿಲ್ಲ. ಹಳೆಯ ಗೆಳತಿಯರು ಹೊಲಿದುಕೊಟ್ಟ ನೇರಳೆ ಬಣ್ಣದ ಬಟ್ಟೆ ಹಾಸಿ, ನಮ್ಮ ಚಿಕ್ಕಿಯಂಥ ಸಿಹಿಯನ್ನು ತಟ್ಟೆಯಲ್ಲಿಟ್ಟು ಕೂತರು. ಟಾಯ್ಲೆಟ್ಟಿಗೆ ಹೋಗಿಬರುವ ತಂದೆ ತಾಯಂದಿರು ಸಿಹಿ ಬಾಯಿಗೆ ಹಾಕಿಕೊಂಡು ಮುಂದೆ ಹೋದರು. ಒಬ್ಬಳು ಮಾತ್ರ ಒಂದು ಗಂಟೆ ಅಲ್ಲೇ ಕೂತಳು.

ಮರುದಿನ ಸೆಲಿನ್ ನನ್ನ ಕೋಣೆಗೆ ಓಡಿಬಂದಳು. "ಮಿಸ್, ಯು ನೋ ವಾಟ್? ಎಲ್ಲಿಯವಳು ಅಂತ ಅವರು ಕೇಳಲೇ ಇಲ್ಲ. ಏನು ಓದ್ತಾ ಇದ್ದೀಯ ಅಂತ ಕೇಳಿದ್ರು. ಮಿಸ್, ಐ ವಾಂಟ್ ಟು ಗೋ ದೇರ್."

ಅವಳ ಅಂಕಗಳಿಗೆ ಅಲ್ಲಿ ಪೂರ್ತಿ ವಿದ್ಯಾರ್ಥಿವೇತನವೂ ಸಿಗುವುದಿತ್ತು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಆ ವರ್ಷ ಬೋರ್ಡಿಗೆ ಬರುವಂಥ ಕಾಲೇಜೊಂದಕ್ಕೆ ಅವಳನ್ನು ಸೇರಿಸಬೇಕೆಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಅವಳ ಒಳ್ಳೆಯದಕ್ಕೇ ಎಂದುಕೊಂಡಿದ್ದೆ. ತಂದೆಯನ್ನು ಕರೆಸಿದೆ. ಬಸ್ತ್ಯಾಂವ್ ಡ್ಯೂಟಿಯ ಬೂಟಿನಲ್ಲೇ ಬಂದು ಕುರ್ಚಿಯ ತುದಿಯಲ್ಲಿ ಕೂತರು.

"ಖರೇನೇನ್ರಿ ಬಾಯಿ? ನಮ್ಮಂಥಾವ್ರೇ ಕಟ್ಟಿದ್ ಕಾಲೇಜಂತ? ಹುಡುಗಿ ಹೇಳಿದಾಗಿಂದ ಆಕಿ ಅವ್ವ ಫಿಲ್ಲೂಗ ನಿದ್ದಿ ಇಲ್ರಿ."

ಆಗ ನಾನು ಹೇಳಿದ ಮಾತನ್ನು ಇಲ್ಲಿ ಹಾಗೇ ಬರೆಯುತ್ತೇನೆ. ಈ ಬರಹದಲ್ಲಿ ನಾಚಿಕೆ ಬಿಟ್ಟು ಬರೆಯಬೇಕಾದ ಮಾತು ಇದೊಂದೇ.

"ಬಸ್ತ್ಯಾಂವ್, ನೀವು ಇಷ್ಟು ಕಷ್ಟಪಟ್ಟು ಮಗಳನ್ನು ಮೇಲೆ ತಂದದ್ದು ಎಂತಕ್ಕೆ? ಪುನಃ ಅವರೊಟ್ಟಿಗೆ ಹೋಗಿ ಕೂರ್ಲಿಕ್ಕಾ?"

ಅವರು ತಮ್ಮ ಬೂಟು ನೋಡಿದರು. "ಅವ್ರ ಜೋಡಿ ಅಂದ್ರ... ನಮ್ಮ ಜೋಡೀನೇ ಆತಲ್ರಿ ಬಾಯಿ?" ಎಂದರು. ಸಿಟ್ಟಿನಿಂದಲ್ಲ. ನನಗೆ ತಿಳಿಯದೇ ಹೋಯಿತೇನೋ ಎಂಬಂತೆ ಹೇಳಿದರು. ಆಮೇಲೆ ಎದ್ದು, "ನೀವು ಕಲ್ತಾವ್ರು, ನಿಮ್ಗ ತಿಳೀತದ. ಆದ್ರ ಹುಡುಗಿಗೆ ಅಲ್ಲೇ ಮನಸೈತ್ರಿ" ಎಂದು ಕೈಮುಗಿದು ಹೋದರು.

ಅರ್ಜಿಯನ್ನು ಸೆಲಿನ್ ತಾನೇ ತುಂಬಿ ಕಳಿಸಿದಳು; ನನ್ನ ಒತ್ತಾಯಕ್ಕೆ ಒಂದು ದೊಡ್ಡ ಕಾಲೇಜಿಗೂ ಹಾಕಿದಳು. ಈ ಸಣ್ಣ ಕಾಲೇಜಿಗೆ ಶಾಲೆಯಿಂದ ಹೋಗಬೇಕಾದದ್ದು ಅಂಕಪಟ್ಟಿ ಮತ್ತು ನನ್ನ ಪತ್ರ. ದೊಡ್ಡ ಕಾಲೇಜುಗಳು ಆಗಲೇ ಕಂಪ್ಯೂಟರಿಗೆ ಬಂದಿದ್ದವು. ಈ ಕಾಲೇಜು ಮಾತ್ರ ಇನ್ನೂ ಕಾಗದವನ್ನೇ ಕೇಳುತ್ತಿತ್ತು. ಲಕೋಟೆಯ ಬಾಯಿ ಅಂಟಿಸಿ, ಅಂಟಿಸಿದ ಗೆರೆಯ ಮೇಲೆ ಅಡ್ಡಲಾಗಿ ಸಹಿ ಹಾಕಿ, ಅದರ ಮೇಲೆ ಶಾಲೆಯ ಮುದ್ರೆ ಒತ್ತಬೇಕು. ಸಹಿ ಒಡೆದಿದ್ದರೆ ಕಾಲೇಜಿನವರು ತೆಗೆದುಕೊಳ್ಳುವುದಿಲ್ಲ. ವಿದ್ಯಾರ್ಥಿ ಅದನ್ನು ಯಾವ ಕಾರಣಕ್ಕೂ ತೆರೆಯಬಾರದು ಎಂದು ನಾನೇ ಪ್ರತಿ ವರ್ಷ ಪಾಠ ಹೇಳುತ್ತಿದ್ದೆ.

ಪತ್ರವನ್ನು ಮನಸ್ಸಿಟ್ಟು ಬರೆದೆ. ಹೆಸರು ಬದಲಾಯಿಸಿದ ಪತ್ರವಲ್ಲ. ಸಹಿ ಹಾಕಿದೆ, ಮುದ್ರೆ ಒತ್ತಿದೆ. ಆಮೇಲೆ, ಇನ್ನೊಂದು ವಾರ ನೋಡೋಣ, ಅಷ್ಟರಲ್ಲಿ ದೊಡ್ಡ ಕಾಲೇಜಿನ ಉತ್ತರ ಬಂದರೆ ಹುಡುಗಿಯ ಮನಸ್ಸು ತಾನಾಗಿ ತಿರುಗುತ್ತದೆ ಎಂದು ಮೂರನೇ ಡ್ರಾಯರಿನಲ್ಲಿಟ್ಟೆ. ಹೊರಗಿನವರು ಮಕ್ಕಳೊಂದಿಗೆ ನೇರವಾಗಿ ಪತ್ರವ್ಯವಹಾರ ಮಾಡುವಂತಿಲ್ಲ ಎಂಬುದು ಶಾಲೆಯ ನಿಯಮ. ಹಾಗಾಗಿ ಊರಿಗೆ ಮರಳಿದ್ದ ಮಿಸೆಸ್ ವಾಕರ್ ನನಗೇ ಮೇಲ್ ಬರೆದರು: ನಿಮ್ಮ ಹುಡುಗಿಗೆ ಜಾಗ ಇಟ್ಟುಕೊಂಡು ಕೂತಿದ್ದೇವೆ, ನಿಮ್ಮ ಲಕೋಟೆ ಒಂದೇ ಬಾಕಿ. ಎರಡನೆಯ ಸಲವೂ ಬರೆದರು. ಮೂರನೆಯ ಸಲ, ನಾನು ಏನಾದರೂ ತಪ್ಪಾಗಿ ನಡೆದುಕೊಂಡೆನೇ ಎಂದು ಕೇಳಿದರು. ನಾನು ಒಂದಕ್ಕೂ ಉತ್ತರಿಸಲಿಲ್ಲ.

ಗಡುವು ದಾಟಿತು. ದಾಖಲೆ ಪೂರ್ಣವಾಗದ್ದರಿಂದ ಅರ್ಜಿ ಮುಚ್ಚಿದ್ದೇವೆ ಎಂಬ ಕಾಗದ ಪೋಸ್ಟ್ ಬಾಕ್ಸಿಗೆ ಬಂತು. ಕೀಲಿ ನನ್ನ ಹತ್ತಿರವೇ ಇತ್ತಲ್ಲ. ಅದೇ ವಾರ ದೊಡ್ಡ ಕಾಲೇಜಿನವರೂ ಆಗುವುದಿಲ್ಲ ಎಂದರು. ಸೆಲಿನ್‌ಳನ್ನು ಕರೆದು, "ಎರಡೂ ಕಡೆ ಆಗ್ಲಿಲ್ಲ ಮಗಾ" ಎಂದೆ.

ಅವಳು ದೊಡ್ಡ ಕಾಲೇಜಿನ ಬಗ್ಗೆ ಏನನ್ನೂ ಕೇಳಲಿಲ್ಲ. "ಮಿಸೆಸ್ ವಾಕರ್ ಕೂಡಾ?" ಎಂದಳು.

ಹೂಂ ಎಂದೆ. ಆ ಒಂದು 'ಹೂಂ'ಗಿಂತ ದೊಡ್ಡ ಸುಳ್ಳನ್ನು ನಾನು ಇಪ್ಪತ್ತಾರು ವರ್ಷಗಳಲ್ಲಿ ಹೇಳಿಲ್ಲ. ವಾರದ ರಜೆ ಮುಗಿದ ಭಾನುವಾರ ಬಸ್ತ್ಯಾಂವ್ ಶಾಲೆಯ ಗೇಟಿನ ಹತ್ತಿರ ಸಿಕ್ಕಿ, "ಹೋಗ್ಲಿ ಬಿಡ್ರಿ ಬಾಯಿ. ನಮ್ಮವ್ರಿಗೂ ನಾವು ಬ್ಯಾಡಾದ್ವಿ" ಎಂದು ನನಗೇ ಸಮಾಧಾನ ಹೇಳಿದರು.

ಅವಳು ಮಂಗಳೂರಿಗೆ ಹೋಗಿ ಸೈಕಾಲಜಿ ಓದಿದಳು. ಹಾಸ್ಟೆಲಿಗೆ ಸೇರಿದ ದಿನ ವಾರ್ಡನ್ ವಿದೇಶಿಯರ ಫಾರಂ ಕೊಟ್ಟು ವೀಸಾ ಎಲ್ಲಿ ಎಂದರಂತೆ. ಅದನ್ನು ನನಗೆ ಹೇಳಿದ್ದು ಅವಳ ತಾಯಿ, ಬಸ್ಸಿನಿಂದ ಮಕ್ಕಳನ್ನು ಇಳಿಸುತ್ತಾ. ಸ್ವಂತ ರಾಜ್ಯದಲ್ಲಿ ಐದು ವರ್ಷ ಅವಳು ಎಲ್ಲಿಯವಳು ಎಂಬ ಪ್ರಶ್ನೆಗೆ ಉತ್ತರ ಕೊಟ್ಟುಕೊಂಡೇ ಓದಿದಳು. ಹಾಗೆ ಓದಬೇಕಾದದ್ದು ನನ್ನಿಂದ.

ಈ ನಡುವೆ ಕೆಲಸದ ರೀತಿಯೇ ಬದಲಾಯಿತು. ಲಕೋಟೆ, ಅಂಟು, ಮುದ್ರೆ, ಕೊರಿಯರ್ ಎಲ್ಲ ಖಲಾಸ್. ಪತ್ರವನ್ನು ಕಂಪ್ಯೂಟರಿಗೆ ಏರಿಸಿದರೆ ಆಯಿತು. ಕಳಿಸಿದ್ದು ಮಗುವಿಗೂ ಕಾಣುತ್ತದೆ, ಕಳಿಸದಿದ್ದರೆ ಅದೂ ಕಾಣುತ್ತದೆ. ಹಳಬರು ಇದನ್ನು ಬೈಯುತ್ತಿದ್ದರು. ನಾನು ಬೈಯಲಿಲ್ಲ. ಪ್ರತಿ ಬೇಸಿಗೆಯಲ್ಲೂ ಕೋಣೆ ಚೊಕ್ಕಟ ಮಾಡುವಾಗ ಆ ಲಕೋಟೆಯನ್ನು ಹರಿದುಹಾಕಲು ತೆಗೆಯುತ್ತಿದ್ದೆ, ಮತ್ತೆ ಒಳಗಿಡುತ್ತಿದ್ದೆ.

ಸೆಲಿನ್ ಮದುವೆಯಾಗಿ, ಎರಡು ಶಾಲೆಗಳಲ್ಲಿ ಕೆಲಸ ಮಾಡಿದ ಅನುಭವದೊಂದಿಗೆ ಕುವೈತಿಗೆ ಮರಳಿ ಬಂದು ನನ್ನ ಜಾಗಕ್ಕೆ ಅರ್ಜಿ ಹಾಕಿದಾಗ ಬಾಯಿಬಿಟ್ಟು ಹೇಳಬೇಕಿತ್ತು. ಕೀಲಿಗೊಂಚಲು ಅವಳ ಕೈಗೆ ಕೊಡುವಾಗಲಾದರೂ ಹೇಳಬೇಕಿತ್ತು. "ಎಲ್ಲ ಡ್ರಾಯರಿನಲ್ಲಿ ಉಂಟು, ನೋಡ್ಕೋ" ಎಂದೆ ಅಷ್ಟೇ. ಅವಳಿಗೆ ತಾನಾಗಿ ಸಿಗಲಿ ಎಂದು ಬಿಟ್ಟುಬಂದೆ. ಹೇಡಿತನಕ್ಕೆ ನಾನು ಆಗ ಇಟ್ಟುಕೊಂಡ ಹೆಸರು ಪ್ರಾಮಾಣಿಕತೆ.

ನಾಲ್ಕನೆಯ ದಿನ ಫೋನು ಬಂತು. "ಮಿಸ್, ಸ್ವಲ್ಪ ಶಾಲೆಗೆ ಬರ್ತೀರಾ?"

ಹೋದೆ. ಲಕೋಟೆ ಮೇಜಿನ ಮೇಲಿತ್ತು. ಅವಳು ಅದನ್ನು ತೆರೆದಿರಲಿಲ್ಲ. ಅಂಟಿಸಿದ ಗೆರೆಯ ಮೇಲೆ ನನ್ನ ಸಹಿ ಹಾಗೇ ಇತ್ತು.

"ಸ್ಟೂಡೆಂಟ್ ತೆರೆಯಬಾರದು ಅಂತ ನೀವೇ ಹೇಳಿದ್ದಲ್ವಾ ಮಿಸ್" ಎಂದಳು. "ನೀವೇ ತೆರೀರಿ. ಗಟ್ಟಿಯಾಗಿ ಓದಿ."

ಓದಿದೆ. ಮಂಗಫಿನಿಂದ ಬರುವ ಬಸ್ಸಿನಲ್ಲಿ ಅವಳು ಸಣ್ಣ ಮಕ್ಕಳಿಗೆ ಓದಲು ಕಲಿಸುತ್ತಾಳೆ, ಆ ಬಸ್ಸಿನ ಮಕ್ಕಳು ಬೇರೆಯವರಿಗಿಂತ ಮೊದಲೇ ಓದುತ್ತಾರೆ ಎಂದು ಒಂದನೆಯ ತರಗತಿಯ ಟೀಚರ್ ಬಂದು ನನಗೆ ಹೇಳಿದ್ದಾರೆ ಎಂದು ಬರೆದಿದ್ದೆ. ಇಂಥ ಹುಡುಗಿಯನ್ನು ಪಡೆಯುವ ಕಾಲೇಜು ಪುಣ್ಯ ಮಾಡಿರಬೇಕು ಎಂದೂ ಬರೆದಿದ್ದೆ. ಪತ್ರವನ್ನು ಮಡಚಿ ಮೇಜಿನ ಮೇಲಿಟ್ಟೆ.

"ಇಷ್ಟು ಚೆನ್ನಾಗಿ ಬರೆದಿದ್ರಾ ನನ್ನ ಬಗ್ಗೆ" ಎಂದಳು ಸೆಲಿನ್. "ವೈ, ಮಿಸ್?"

ನಡೆದದ್ದನ್ನೆಲ್ಲ ಹೇಳಿದೆ. ಬೋರ್ಡು, ಮೂರು ಮೇಲ್‌ಗಳು, ಅವಳ ತಂದೆಗೆ ನಾನು ಹೇಳಿದ ಮಾತು, ಯಾವುದನ್ನೂ ಮುಚ್ಚಿಡಲಿಲ್ಲ. "ಹೊಟ್ಟೆಗೆ ಹಾಕ್ಕೋ ಮಗಾ" ಎಂದೆ. ಅವಳು ಫೋನು ತೆಗೆದುಕೊಂಡು ಹಳಿಯಾಳಕ್ಕೆ ಹಚ್ಚಿದಳು. ಬಸ್ತ್ಯಾಂವ್, ಫಿಲೋಮಿನಾ ಈಗ ಅಲ್ಲಿಯೇ ಇದ್ದಾರೆ. "ಅಪ್ಪನಿಗೆ ನೀವೇ ಹೇಳಿ" ಎಂದು ಫೋನನ್ನು ಸ್ಪೀಕರಿಗೆ ಹಾಕಿ ನನ್ನ ಮುಂದಿಟ್ಟಳು.

ಬೈಗುಳಕ್ಕೆ ತಯಾರಾಗಿ ಹೇಳಿದೆ.

"ಹಂಗಾದ್ರ... ಅವ್ರು ಬ್ಯಾಡ ಅಂದೇ ಇಲ್ಲೇನ್ರಿ ಬಾಯಿ?"

"ಇಲ್ಲ ಬಸ್ತ್ಯಾಂವ್. ಜಾಗ ಇಟ್ಕೊಂಡು ಕಾದಿದ್ರು."

ಅವರು ಫೋನು ಕೈಯಲ್ಲಿರುವುದನ್ನೇ ಮರೆತು ಕೂಗಿದರು. "ಏ ಫಿಲ್ಲೂ! ಫಿಲ್ಲೂ, ಇಲ್ಲಿ ಬಾ! ಅವ್ರು ಬ್ಯಾಡ ಅಂದಿಲ್ಲಂತ! ನಮ್ ಸೆಲಿನ್‌ಗ ಜಾಗ ಇಟ್ಟಿದ್ರಂತ!" ಆ ದನಿಯಲ್ಲಿ ಸಂತೋಷ ಬಿಟ್ಟರೆ ಬೇರೇನೂ ಇರಲಿಲ್ಲ. ಅವರು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಸೆಲಿನ್ ಕಿಟಕಿಯ ಕಡೆ ತಿರುಗಿ ನಿಂತಳು. ನಾನು ಎದ್ದು ಬಂದೆ.

ಆ ಕಾಲೇಜು ಇನ್ನೂ ನಡೆಯುತ್ತಿದೆ. ಸೆಲಿನ್ ಅವರಿಗೆ ಬರೆದಳು. ಮಿಸೆಸ್ ವಾಕರ್ ತೀರಿಹೋಗಿ ಕೆಲವು ವರ್ಷಗಳಾದವು ಎಂದು ಉತ್ತರ ಬಂತು. ನೀವು ತಪ್ಪಾಗಿ ನಡೆದುಕೊಳ್ಳಲಿಲ್ಲ ಎಂದು ಅವರಿಗೆ ಹೇಳುವ ಅವಕಾಶ ನನಗೆ ಇನ್ನಿಲ್ಲ. ಮೇಳಕ್ಕೆ ಯಾರನ್ನೂ ಕಳಿಸಲಾಗುವುದಿಲ್ಲ, ಬ್ಯಾನರು ಮತ್ತು ಪುಸ್ತಿಕೆಗಳನ್ನು ಕಳಿಸುತ್ತೇವೆ ಎಂದೂ ಬರೆದಿದ್ದರು. ಸೆಲಿನ್ ನನಗೆ ಫೋನು ಮಾಡಿ ಹೇಳಿದಳು, "ಆ ಟೇಬಲ್‌ಗೆ ನೀವು ಕೂರ್ಬೇಕು ಮಿಸ್."

ಈ ಅಕ್ಟೋಬರಿನಲ್ಲಿ ಕೂತೆ. ಅವಳು ಆ ಮೇಜನ್ನು ಬಾಗಿಲ ಹತ್ತಿರವೇ ಇಟ್ಟಿದ್ದಳು. ನೇರಳೆ ಬಟ್ಟೆಯನ್ನು ನಾನೇ ತಂದು ಅಂಚು ಹೊಲಿದೆ, ಮನೆಯಲ್ಲಿ ಮಾಡಿದ ಕಡಲೆಕಾಯಿ ಚಿಕ್ಕಿಯನ್ನೂ ಇಟ್ಟೆ. ಜನ ಚಿಕ್ಕಿ ತಿಂದರು, ಬ್ಯಾನರಿನ ಮೇಲಿನ ಮುಖಗಳನ್ನು ನೋಡಿದರು, ಮುಂದೆ ಹೋದರು. ನಮ್ಮ ಇಗರ್ಜಿಯ ಪರಿಚಯದವರೊಬ್ಬರು ನನ್ನನ್ನು ಕಂಡು ಆಶ್ಚರ್ಯಪಟ್ಟರು.

"ಐರಿನ್ ಬಾಯಿ, ನೀವೆಂತ ಇಲ್ಲಿ? ಒಳ್ಳೆ ಕಾಲೇಜುಗಳೆಲ್ಲ ಯಾವ ಸೈಡಿಗುಂಟು?"

"ಇದೇ ಒಳ್ಳೆ ಕಾಲೇಜು. ಎರಡು ನಿಮಿಷ ಕೂತ್ಕೊಳ್ಳಿ, ಹೇಳ್ತೇನೆ" ಎಂದೆ.

ನನಗೆ ವಯಸ್ಸಾಯಿತೆಂಬಂತೆ ಅವರು ಭುಜ ತಟ್ಟಿ ಹೋದರು. ಮೂರು ಗಂಟೆ ಹೀಗೆಯೇ ಕಳೆಯಿತು. ಮಿಸೆಸ್ ವಾಕರ್ ಇದನ್ನು ಹೋದಲ್ಲೆಲ್ಲ ಮಾಡುತ್ತಿದ್ದರು, ಅದೂ ಕಂಬಗಳ ಹಿಂದೆ. ಮೇಳ ಮುಗಿಯುವ ಹೊತ್ತಿಗೆ ಸುಡಾನಿನ ನರ್ಸ್ ಒಬ್ಬರ ಮಗಳು ಬಂದು ಎದುರಿಗೆ ಕೂತಳು. ಎಲ್ಲಿಯವಳೆಂದು ನಾನು ಕೇಳಲಿಲ್ಲ. ಏನು ಓದುತ್ತಿದ್ದೀ ಎಂದು ಕೇಳಿದೆ. ಅವಳು ಹೆಸರು ಬರೆದು ಹೋದಳು.

ಎರಡು ವಾರದ ಮೇಲೆ ಸೆಲಿನ್ ಮತ್ತೆ ಕರೆಸಿದಳು. ನನ್ನ ಹಳೆಯ ಕೋಣೆಯಲ್ಲಿ ನಾನು ಈಗ ಎದುರಿನ ಕುರ್ಚಿಯಲ್ಲಿ ಕೂರುತ್ತೇನೆ, ಬಸ್ತ್ಯಾಂವ್ ಕೂತಿದ್ದ ಕುರ್ಚಿಯಲ್ಲಿ. ಆ ಹುಡುಗಿಗಾಗಿ ಅದೇ ಕಾಲೇಜಿಗೆ ಬರೆದ ಶಿಫಾರಸು ಪತ್ರವನ್ನು ಅವಳು ನನಗೆ ಓದಲು ಕೊಟ್ಟಳು. ಚೆನ್ನಾಗಿದೆ ಎಂದೆ. ಅವಳು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿ, ಒಂದು ಬೆರಳಿನಲ್ಲಿ ಗುಂಡಿ ಒತ್ತಿದಳು. ಕಳಿಸಲಾಗಿದೆ ಎಂದು ಬಂತು.

"ನೋಡಿ ಮಿಸ್" ಎಂದಳು. "ಇಷ್ಟೇ ಇತ್ತು ಕೆಲಸ."